ಎದುರುಮನೆಯಮ್ಮನ ಕಾಲು ಖುಬೂಸ್

ಅನ್ನವೇ ನಾಗರಿಕತೆಯ ಮೂಲ. ಅದರ ಮುಂದೆ ಸಾಮ್ರಾಜ್ಯಗಳೂ ಸಿದ್ಧಾಂತಗಳೂ ತಲೆಬಾಗಲೇಬೇಕು. ನಮ್ಮ ಮನೆಯಲ್ಲಿ ಮಾತ್ರ ಅದು ಹನ್ನೆರಡೂವರೆಗೆ ಬಡಿಸಿ, ಒಂದೂಕಾಲಿಗೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಏಳನೆಯ ಮಹಡಿಯಿಂದ ಕೆಳಕ್ಕೆ ಬಿಡುವ ವಸ್ತು.

ಬಿಡುವವನು ನಾನು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡಗಳಲ್ಲಿ ಪ್ರತಿ ಮಹಡಿಯ ಮೂಲೆಗೂ ಒಂದು ಕಬ್ಬಿಣದ ಕಿರುಬಾಗಿಲು ಇರುತ್ತದೆ. ಅದನ್ನು ತೆರೆದು ಕಸದ ಚೀಲ ತೂರಿಸಿದರೆ ಅದು ಕೊಳವೆಯೊಳಗೆ ಧಡಧಡ ಉರುಳಿ ನೆಲಮಹಡಿಯ ತೊಟ್ಟಿಗೆ ಬೀಳುತ್ತದೆ. ಈ ಏರಿಯಾಕ್ಕೆ ಸರಕಾರ ಬೇರೆ ಹೆಸರಿಟ್ಟು ವರ್ಷಗಳಾದವು. ನಾನು ಇನ್ನೂ ಹಳೆಯ ಹೆಸರನ್ನೇ ಹೇಳುತ್ತೇನೆ. ಹೊಸ ಹೆಸರು ಹೇಳಿದರೆ ಟ್ಯಾಕ್ಸಿಯವರು ನನ್ನನ್ನು ಮೊನ್ನೆ ಮೊನ್ನೆ ಬಂದವನೆಂದು ತಿಳಿದಾರು ಎಂಬ ಭಯ. ಬಂದು ಮೂವತ್ತಾರು ವರ್ಷವಾಯಿತು. ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೇನೆ, ಅಂದರೆ ಬಂದ ಕಾಗದಕ್ಕೆ ನಂಬರು ಹಾಕಿ ಅದರದರ ಜಾಗದಲ್ಲಿ ಇಡುವವನು. ಈಗ ವಯಸ್ಸಿಗೆ ಮರ್ಯಾದೆ ಕೊಟ್ಟು ಬೆಳಿಗ್ಗೆ ಏಳರಿಂದ ಹನ್ನೆರಡರ ತನಕ ಮಾತ್ರ ಕೂರಿಸುತ್ತಾರೆ.

ಆಫೀಸಿನಲ್ಲಿ ನಾನು ಕಾಗದಕ್ಕೆ ಮಾಡಿದ್ದನ್ನು ಮನೆಯಲ್ಲಿ ನನ್ನ ಹೆಂಡತಿ ಅನ್ನಕ್ಕೆ ಮಾಡಿದ್ದಾಳೆ. ಆಕೆ ಉಡುಪಿಯಿಂದ ಇಲ್ಲಿಗೆ ಬರುವಾಗ ಎರಡು ಸೂಟ್‌ಕೇಸು ತಂದಳು; ಕಸ್ಟಮ್ಸಿನವರು ಅವನ್ನಷ್ಟೇ ತೆರೆದು ನೋಡಿದರು. ಅವಳ ತಾಯಿಮನೆಯ ಮಡಿ, ಮುಸುರೆ, ಎಂಜಲುಗಳ ಸಂಪೂರ್ಣ ಕಾನೂನು ಯಾರ ಕಣ್ಣಿಗೂ ಬೀಳದೆ ಒಳಗೆ ಬಂತು. ಎರಡು ಬೆಡ್‌ರೂಮಿನ ಫ್ಲಾಟಿಗೆ ಸರಿಯಾಗಿ ಅದಕ್ಕೆ ಕೆಲವು ತಿದ್ದುಪಡಿಗಳಾಗಿವೆ. ಆದರೆ ಎರಡು ಕಲಮುಗಳು ಅಲುಗಿಲ್ಲ. ಒಂದು, ತಂಗಳು ಮನೆಯಲ್ಲಿ ಉಳಿಯಕೂಡದು. ಎರಡು, ಉಂಡವರು ಕೈತೊಳೆಯಲು ಎದ್ದ ಕ್ಷಣ ಎಂಜಲು ತೆಗೆದು, ಮೇಜು ಒರೆಸಿ, ತಟ್ಟೆಯ ಆಸುಪಾಸು ಬಿದ್ದದ್ದೆಲ್ಲ ತಟ್ಟೆಯ ಸಂಗಡವೇ ಹೋಗಬೇಕು. ಅತಿಥಿ ತಿರುಗಿ ಬಂದಾಗ ತಾನು ಉಂಡ ಗುರುತು ತನಗೇ ಕಾಣಬಾರದು. ಅದು ಅತಿಥಿಗೆ ತೋರುವ ಗೌರವ. ಈ ಎರಡನೆಯ ಕಲಮಿನ ಜಾರಿ ನನ್ನ ಹೊಣೆ. ಅದರಲ್ಲಿ ನಾನು ಎಷ್ಟು ನುರಿತವನೆಂದರೆ ಬೇಸಿನ್ನಿನ ನಲ್ಲಿ ನಿಲ್ಲುವಷ್ಟರಲ್ಲಿ ಚೀಲ ಕೊಳವೆಯಲ್ಲಿರುತ್ತದೆ.

ಹೋದ ವರ್ಷದ ಚಳಿಗಾಲಕ್ಕೆ ನಮ್ಮ ಎದುರು ಫ್ಲಾಟಿನ ಡಾಕ್ಟರು ತಮ್ಮ ತಾಯಿಯನ್ನು ಕರೆಸಿಕೊಂಡರು. ಡಾಕ್ಟರು ಹಂಗೇರಿಯವರು, ಐವತ್ತೈದರ ಆಸುಪಾಸು, ಒಬ್ಬರೇ. ಅಮ್ಮನಿಗೆ ಎಂಬತ್ತೇಳು. "ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬಳೇ ಇರ್ತಾಳೆ. ಏನಾದರೂ ಬೇಕಾದರೆ ನಿಮ್ಮ ಬಾಗಿಲು ತಟ್ಟಬಹುದಾ?" ಎಂದು ಡಾಕ್ಟರು ಬಹಳ ಸಂಕೋಚದಿಂದ ಕೇಳಿದರು. ನನ್ನ ಹೆಂಡತಿ ಅದನ್ನು ಊಟಕ್ಕೆ ಕರೆಯಲು ಸಿಕ್ಕ ಲಿಖಿತ ಅನುಮತಿಯೆಂದು ಭಾವಿಸಿದಳು. ಮಾರನೆಯ ದಿನ ಹನ್ನೆರಡೂ ಇಪ್ಪತ್ತಕ್ಕೆ ತಾನೇ ಹೋಗಿ ಅವರ ಬಾಗಿಲು ತಟ್ಟಿದಳು.

"ಅಮ್ಮಾ, ಕಮ್. ಸಿಟ್. ಒಂದೇ ಒಂದು ದೋಸೆ. ಓನ್ಲಿ ಒನ್."

ಎದುರುಮನೆಯಮ್ಮ ಬಂದರು. ಸಣ್ಣ ಆಳು, ಕತ್ತರಿಸಿದ ಬಿಳಿ ಕೂದಲು, ಎಷ್ಟು ಸೆಖೆಯಿದ್ದರೂ ದೊಡ್ಡ ಜೇಬುಗಳ ಒಂದು ಉಣ್ಣೆಯ ಅಂಗಿ. ಅವರ ಇಂಗ್ಲಿಷೂ ನನ್ನದರಂತೆ ಪುಸ್ತಕದಿಂದ ಕಲಿತದ್ದು, ಹಾಗಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಕೂರುವ ಮೊದಲು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು, "ಇಲ್ಲಿ ಮಾಂಸ ಬೇಯಿಸ್ತೀರಾ?"

"ಮಾಂಸವಾ! ಮೊಟ್ಟೆ ಕೂಡ ಈ ಹೊಸ್ತಿಲು ದಾಟಿದ್ದಿಲ್ಲ ಅಂತ ಹೇಳಿ ಅವರಿಗೆ," ಎಂದಳು ಹೆಂಡತಿ.

ಹೇಳಿದೆ. ಅವರ ಮುಖ ಅರಳಿತು. ತಮ್ಮ ಮನೆಯಲ್ಲಿ ಹಾಲಿನ ಪಾತ್ರೆಗಳಿಗೆ ಒಂದು ಕಪಾಟು, ಮಾಂಸದ ಪಾತ್ರೆಗಳಿಗೆ ಇನ್ನೊಂದು ಕಪಾಟು, ಒಂದರ ಚಮಚ ಇನ್ನೊಂದನ್ನು ಮುಟ್ಟುವಂತಿಲ್ಲ ಎಂದರು. ನನ್ನ ಹೆಂಡತಿ ನೀರುಳ್ಳಿಯ ಪಾತ್ರೆಗಳನ್ನೂ ಏಕಾದಶಿಯ ಪಾತ್ರೆಗಳನ್ನೂ ಬೇರೆ ಬೇರೆ ತೋರಿಸಿದಳು. ಇಬ್ಬರೂ ಪರಸ್ಪರರ ಕಪಾಟುಗಳನ್ನು ಮೆಚ್ಚಿಕೊಂಡರು. "ನೋಡಿ, ಪರದೇಶದವರಿಗೆ ಗೊತ್ತಾಗ್ತದೆ. ನಮ್ಮ ಮಗಳಿಗೆ ಗೊತ್ತಾಗುವುದಿಲ್ಲ," ಎಂದು ಹೆಂಡತಿ, ಇದೇ ಊರಿನ ಅಲ್ ರೀಮ್ ಐಲ್ಯಾಂಡಿನಲ್ಲಿ ಮೈಕ್ರೋವೇವ್ ಇಟ್ಟುಕೊಂಡು ಬದುಕುವ ಮಗಳನ್ನು ನಿಂತಲ್ಲಿಂದಲೇ ಬಯ್ದಳು.

ಎರಡು ಕಪಾಟಿನ ಮಾತು ಬಂದಾಗಲೇ ನನಗೆ ಹೊಳೆಯಬೇಕಿತ್ತು. ಯಹೂದಿಗಳ ಮನೆಯಲ್ಲಿ ಹೀಗಿರುತ್ತದೆಂದು ನಾನು ಓದಿದವನೇ. ಆದರೆ ಓದಿದ್ದು ಬೇಕಾದ ಹೊತ್ತಿಗೆ ನೆನಪಾಗುವುದು ಬೇರೆಯವರಿಗೆ.

ಅಂದಿನಿಂದ ಅವರು ದಿನಾ ಬಂದರು. ಅವರಿಗೆ ಅನ್ನಕ್ಕಿಂತ ಖುಬೂಸ್ ಇಷ್ಟ. ಖುಬೂಸ್ ಎಂದರೆ ಇಲ್ಲಿಯ ಬೇಕರಿಗಳಲ್ಲಿ ಸಿಗುವ, ಅರಬರಿಂದ ಹಿಡಿದು ನಮ್ಮಂಥವರ ತನಕ ಎಲ್ಲರೂ ತಿನ್ನುವ ದುಂಡಗಿನ ರೊಟ್ಟಿ. ಹೆಂಡತಿ ಅದನ್ನು ಕಾನೂನಿನ ಯಾವುದೋ ಕಿಟಕಿಯಿಂದ ಒಳಗೆ ಬಿಟ್ಟುಕೊಂಡಿದ್ದಳು. ಅವರು ಅದನ್ನು ನಾಲ್ಕು ಪಾಲು ಮಾಡಿ, ಮೂರನ್ನು ಹುಳಿಯಲ್ಲಿ ಅದ್ದಿ ತಿನ್ನುತ್ತಿದ್ದರು. ನಾಲ್ಕನೆಯದು ಎಲ್ಲಿ ಹೋಗುತ್ತಿತ್ತು ಎಂದು ನಾವು ಯೋಚಿಸಿದ್ದೇ ಇಲ್ಲ. "ಸಾಕು" ಎನ್ನುವ ಶಬ್ದವನ್ನೂ ಕಲಿತರು. ಎರಡೇ ದಿನದಲ್ಲಿ ಅದು ಪ್ರಯೋಜನಕ್ಕೆ ಬಾರದ ಶಬ್ದವೆಂದು ಕೂಡ ಕಲಿತರು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಅದು ಎರಡು ಭಾಗಗಳಲ್ಲಿದೆ.

ಮೂರನೆಯ ವಾರದ ಒಂದು ದಿನ ಊಟದ ನಡುವೆ ಅವರು ತಾವು ಬುಡಾಪೆಸ್ಟಿನವರೆಂದು ಹೇಳಿದರು. ನನಗೆ ಇತಿಹಾಸವೆಂದರೆ ಪ್ರಾಣ. ಅದರಲ್ಲೂ ಎರಡನೆಯ ಮಹಾಯುದ್ಧವೆಂದರೆ, ಅದು ನನ್ನ ಮೇಲ್ವಿಚಾರಣೆಯಲ್ಲಿ ನಡೆಯಲಿಲ್ಲವೆಂಬುದೊಂದೇ ಕೊರತೆ. ಬುಡಾಪೆಸ್ಟ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಡ್ಯಾನ್ಯೂಬ್ ನದಿಯಿಂದ ಆರಂಭಿಸಿದೆ. ಯಾವ ಸೈನ್ಯ ಯಾವ ಕಡೆಯಿಂದ ಬಂತು, ಯಾರು ಯಾರ ಜೊತೆ ಸೇರಿದರು ಎಂದು ಉಪ್ಪಿನಕಾಯಿ ಬಾಟಲಿಯನ್ನು ಜರ್ಮನಿ ಮಾಡಿ, ಮಜ್ಜಿಗೆ ಲೋಟವನ್ನು ರಷ್ಯಾ ಮಾಡಿ, ಮುಕ್ಕಾಲು ಗಂಟೆ ವಿವರಿಸಿದೆ. ಮಧ್ಯದಲ್ಲಿ ಉದಾರವಾಗಿ, "ಒಟ್ಟು ನೋಡಿದರೆ ಹಂಗೇರಿಯದು ಅಷ್ಟೇನೂ ದೊಡ್ಡ ಪಾತ್ರವಲ್ಲ ಬಿಡಿ," ಎಂದೂ ಸೇರಿಸಿದೆ.

ಅವರು ಬಾಟಲಿಯನ್ನೂ ಲೋಟವನ್ನೂ ಗಮನವಿಟ್ಟು ನೋಡುತ್ತಿದ್ದರು. "ಹೌದು," ಎಂದರು ಕೊನೆಗೆ, "ಹಾಗೆಂದು ನಾನೂ ಕೇಳಿದ್ದೇನೆ."

"ಪಾಪ, ಅವರ ಕೈ ಒಣಗಿತು. ತೊಳೀಲಿಕ್ಕಾದ್ರೂ ಬಿಡಿ ಮಾರಾಯ್ರೆ," ಎಂದಳು ಹೆಂಡತಿ.

ಅವರು ಎದ್ದರು. ನಾನೂ ಎದ್ದೆ. ಎಂಜಲು ತೆಗೆದೆ, ಮೇಜು ಒರೆಸಿದೆ, ತಟ್ಟೆಯ ಬದಿಯಲ್ಲಿ ಒಂದು ಪೇಪರ್ ನ್ಯಾಪ್‌ಕಿನ್ನಿನ ಮುದ್ದೆಯಿತ್ತು, ಅದನ್ನೂ ಚೀಲಕ್ಕೆ ಹಾಕಿದೆ. ಕಿರುಬಾಗಿಲು, ಕೊಳವೆ, ಧಡಧಡ. ಇದು ಎರಡನೆಯ ಭಾಗ.

ತಿರುಗಿ ಬಂದಾಗ ಅವರು ಮೇಜಿನ ಮುಂದೆ ನಿಂತಿದ್ದರು. ಒರೆಸಿದ ಮೇಜಿನ ಮೇಲೆ ಅಂಗೈ ಆಡಿಸಿ ನೋಡಿದರು. ಆಮೇಲೆ ಅಂಗಿಯ ಜೇಬು ಮುಟ್ಟಿಕೊಂಡರು, ಬಲಗಡೆಯದು, ಎಡಗಡೆಯದು, ಮತ್ತೆ ಬಲಗಡೆಯದು.

"ನನ್ನ ಬ್ರೆಡ್ಡು ಎಲ್ಲಿ?"

"ಕ್ಲೀನ್, ಕ್ಲೀನ್. ಎಲ್ಲ ಆಯ್ತು ಅಮ್ಮಾ," ಎಂದಳು ಹೆಂಡತಿ ಹೆಮ್ಮೆಯಿಂದ.

ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು, "ಪರವಾಗಿಲ್ಲ, ಪರವಾಗಿಲ್ಲ," ಎಂದು ಎರಡು ಸಲ ಹೇಳಿ, ಗೋಡೆ ಹಿಡಿದುಕೊಂಡು ತಮ್ಮ ಫ್ಲಾಟಿಗೆ ಹೋದರು.

ಏನಾಯಿತೆಂದು ತಿಳಿಯದಿದ್ದರೂ ಮಾಡಿದವನು ನಾನೇ ಎಂಬುದು ತಿಳಿಯಿತು. ಲಿಫ್ಟು ಹಿಡಿದು ಕೆಳಗೆ ಓಡಿದೆ. ಕೊಳವೆಯ ಕೆಳಗಿನ ತೊಟ್ಟಿ ಖಾಲಿ. ನಮ್ಮ ಕಟ್ಟಡದ ವಾಚ್‌ಮನ್ ಕಾಸರಗೋಡಿನ ಕಡೆಯವರು, ನನ್ನಷ್ಟೇ ವಯಸ್ಸು, ನನ್ನಷ್ಟೇ ವರ್ಷ ಇಲ್ಲಿ ಕಳೆದವರು, ಕನ್ನಡ ಬರುತ್ತದೆ.

"ಖಲಾಸ್ ಸಾರ್. ಕಸದ ಗಾಡಿ ಈಗ ಹೋಯ್ತು. ಎಂತ, ಉಂಗುರವಾ?"

"ಅಲ್ಲ."

"ಎಮಿರೇಟ್ಸ್ ಐಡಿ ಕಾರ್ಡಾ?"

"ಅಲ್ಲ ಮಾರಾಯ್ರೆ. ಕಾಲು ಖುಬೂಸ್."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಕೆಲಸ ಹೋದವರನ್ನು ನೋಡಿ ಅವರಿಗೆ ಅಭ್ಯಾಸವಿದೆ. ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲ ಹಿಡಿಕೆಗೆ ಒಂದು ಇಡೀ ಪ್ಯಾಕೆಟ್ ಖುಬೂಸ್ ತೂಗುತ್ತಿತ್ತು.

"ಇದೆಂತದು?" ಎಂದಳು ಹೆಂಡತಿ.

ನಾನು ವಾಚ್‌ಮನ್ನಿನ ಸಂಗತಿ ಹೇಳಿದೆ. "ಕಟ್ಟಡಕ್ಕೆಲ್ಲ ಗೊತ್ತಾಗಿರ್ತದೆ ಈಗ, ಏಳನೇ ಮಹಡಿಯಲ್ಲಿ ಊಟಕ್ಕೆ ಗತಿಯಿಲ್ಲ ಅಂತ," ಎಂದು ಅವಳು ತಲೆಯ ಮೇಲೆ ಕೈಹೊತ್ತಳು.

ಆ ದಿನ ಹನ್ನೆರಡೂವರೆಗೆ ಎದುರುಮನೆಯಮ್ಮ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಬಾಗಿಲು ತಟ್ಟಿದರೆ ಒಳಗಿನಿಂದಲೇ "ಇವತ್ತು ಹಸಿವಿಲ್ಲ" ಎಂದರು. ಬಡಿಸಿದ ಮೂರನೆಯ ತಟ್ಟೆಯನ್ನು ಹೆಂಡತಿ ಹಾಗೇ ಎತ್ತಿಟ್ಟಳು. ಹುಳಿಗೆ ಉಪ್ಪು ಹಾಕಲು ಮರೆತಿದ್ದಳು. ಅದನ್ನು ಎತ್ತಿಹೇಳುವ ಧೈರ್ಯ ನನಗಾಗಲಿಲ್ಲ.

ಮೂರನೆಯ ದಿನ ಸಂಜೆ ಡಾಕ್ಟರು ಲಿಫ್ಟಿನಲ್ಲಿ ಸಿಕ್ಕರು. ನಾನೇ ಕೇಳಿದೆ. ಅವರು ಏಳನೆಯ ಮಹಡಿ ಬಂದರೂ ಇಳಿಯದೆ ಬಾಗಿಲು ಹಿಡಿದುಕೊಂಡು ಹೇಳಿದರು: ಅಮ್ಮ ಮಧ್ಯಾಹ್ನ ಏನೂ ತಿನ್ನುತ್ತಿಲ್ಲ. ತಾವು ಯಹೂದಿಗಳು. ಯುದ್ಧದ ಕಾಲದಲ್ಲಿ, ಆರು ವರ್ಷದವಳಿದ್ದಾಗ, ಅಮ್ಮ ಯಹೂದಿಗಳನ್ನು ಕೂಡಿಹಾಕಿದ್ದ ಬುಡಾಪೆಸ್ಟಿನ ಘೆಟ್ಟೊದಲ್ಲಿದ್ದಳು. ಅದು ಅಂದಿನ ಅಭ್ಯಾಸ, ಜೇಬಿನಲ್ಲಿ ಒಂದು ತುಂಡು ಬ್ರೆಡ್ಡಿಲ್ಲದೆ ಅವಳು ಊಟದಿಂದ ಎದ್ದದ್ದನ್ನು ತಾನು ನೋಡಿಲ್ಲ. "ದಯವಿಟ್ಟು ಬೇಸರ ಮಾಡ್ಕೋಬೇಡಿ. ನಿಮಗೆ ಹೇಗೆ ಗೊತ್ತಿರಬೇಕು?"

ನನಗೆ ಹೇಗೆ ಗೊತ್ತಿರಬೇಕು! ಉಪ್ಪಿನಕಾಯಿ ಬಾಟಲಿ ನೆನಪಾಯಿತು. ಹಂಗೇರಿಯ ಪಾತ್ರ ನೆನಪಾಯಿತು. ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ನೋಡಲಾಗದೆ ನೆಲ ನೋಡಿಕೊಂಡು ಹೊರಬಂದೆ.

ಮಗಳಿಗೆ ಫೋನು ಮಾಡಿದೆ. ಅವಳು ಎಲ್ಲವನ್ನೂ ಕೇಳಿ, "ಅಪ್ಪಾ, ಯು ಎಕ್ಸ್‌ಪ್ಲೇನ್ಡ್ ದ ವಾರ್ ಟು ಹರ್?" ಎಂದಳು. ಆಮೇಲೆ ಫೋನು ಇಟ್ಟುಬಿಟ್ಟಳು. ಮಗಳು ಬಯ್ಯದೆ ಫೋನು ಇಡುವುದು ಅವಳ ಬೈಗುಳಗಳಲ್ಲೇ ದೊಡ್ಡದು.

ನನಗೆ ತಿಳಿದ ಪರಿಹಾರ ಒಂದೇ. ಕೂತು ಒಂದು ಪತ್ರ ಬರೆದೆ. ವಿಷಯ, ಉಲ್ಲೇಖ, ಮೂರು ಪ್ಯಾರಾಗಳಲ್ಲಿ ಕ್ಷಮಾಪಣೆ, ಕೆಳಗೆ ಸಹಿ. ಹೆಂಡತಿ ಕನ್ನಡಕ ಹಾಕಿಕೊಂಡು ಅದನ್ನು ಉದ್ದಕ್ಕೂ ನೋಡಿದಳು.

"ಇದನ್ನು ತಿನ್ಲಿಕ್ಕಾಗ್ತದಾ?"

"ಇಲ್ಲ."

"ಹಾಗಾದ್ರೆ ಒಳಗಿಡಿ."

ನಮ್ಮ ಮನೆಮಾತು ತುಳು. ಆದರೆ ಅಂತಿಮ ತೀರ್ಪುಗಳು ಕನ್ನಡದಲ್ಲಿ ಬರುತ್ತವೆ. ನಾನು ಪತ್ರವನ್ನು ಒಳಗಿಟ್ಟೆ.

ಮರುದಿನ ಶನಿವಾರ, ರಜೆ. ಬೆಳಿಗ್ಗೆ ಹತ್ತಕ್ಕೆ ಅವಳು ಸ್ನಾನ ಮುಗಿಸಿ, ಹಬ್ಬಕ್ಕೆ ಉಡುವ ಸೀರೆ ಉಟ್ಟು, ಮುಚ್ಚಳದ ಸ್ಟೀಲು ಡಬ್ಬಿಯೊಂದನ್ನು ಹಿಡಿದು ನಿಂತಳು. ಒಳಗೆ ವಾಚ್‌ಮನ್ ಕೊಟ್ಟ ಪ್ಯಾಕೆಟಿನ ಒಂದು ಖುಬೂಸ್. "ಬನ್ನಿ. ಅಲ್ಲಿ ಬಾಯಿ ತೆರೀಬೇಡಿ. ಅವರು ಹೇಳಿದ್ದನ್ನು ನನಗೆ ಹೇಳಿ, ನಾನು ಹೇಳಿದ್ದನ್ನು ಅವರಿಗೆ ಹೇಳಿ. ನಿಮ್ಮದೇನೂ ಸೇರಿಸಬೇಡಿ."

ಎದುರುಮನೆಯಮ್ಮ ಬಾಗಿಲು ತೆರೆದರು. ಹೆಂಡತಿ ಡಬ್ಬಿಯನ್ನು ಅವರ ಕೈಗಿಟ್ಟು ಮುಚ್ಚಳ ತೆಗೆದಳು. ಅವರು ಅದನ್ನು ನೋಡಿ ನಮ್ಮನ್ನು ಒಳಗೆ ಕರೆದು ಕೂರಿಸಿದರು.

"ನನಗೆ ನಾಚಿಕೆಯಾಯಿತು," ಎಂದರು ಮೊದಲಿಗೆ. "ಬೇರೆಯವರ ಮನೆಯಲ್ಲಿ ಮುದುಕಿಯೊಬ್ಬಳು ಕಸ ಹುಡುಕುವುದೆಂದರೆ. ನನ್ನ ಮಗನ ಮನೆಯಲ್ಲಿ ಫ್ರೀಜರ್ ತುಂಬ ಬ್ರೆಡ್ಡಿದೆ. ನನಗೆ ಗೊತ್ತು. ಕೈಗೆ ಗೊತ್ತಿಲ್ಲ."

ಆಮೇಲೆ ಹೇಳಿದರು. ನಾನು ವಾಕ್ಯಕ್ಕೆ ವಾಕ್ಯ ತುಳು ಮಾಡಿದೆ. ಜನ್ಮದಲ್ಲಿ ಮೊದಲ ಸಲ ನನ್ನದೇನನ್ನೂ ಸೇರಿಸಲಿಲ್ಲ.

ಅಪ್ಪನನ್ನು ದುಡಿಮೆಗೆಂದು ಸೈನ್ಯದವರು ಕರೆದುಕೊಂಡು ಹೋದರು, ಮರಳಲಿಲ್ಲ. ಯಹೂದಿಯೆಂಬ ಗುರುತಿಗೆ ಸರಕಾರ ಕಡ್ಡಾಯ ಮಾಡಿದ್ದ ಹಳದಿ ನಕ್ಷತ್ರವನ್ನು ಅಂಗಿಯ ಮೇಲೆ ಹೊಲಿದವರು ಅಮ್ಮ. ಹೊಲಿಗೆ ಅಂದವಾಗಿತ್ತು, ತನಗೆ ಅದು ಇಷ್ಟವಾಗಿತ್ತು, ಅದನ್ನು ಯಾಕೆ ಹೊಲಿದರೆಂದು ಗೊತ್ತಿರಲಿಲ್ಲ. ಸಣ್ಣ ಊರಿನಲ್ಲಿದ್ದ ದೊಡ್ಡಮ್ಮನನ್ನೂ ಅವರ ಇಬ್ಬರು ಮಕ್ಕಳನ್ನೂ ರೈಲಿನಲ್ಲಿ ಆಶ್‌ವಿಟ್ಜ್ ಕ್ಯಾಂಪಿಗೆ ಸಾಗಿಸಿದರು. ಆ ಮಕ್ಕಳಲ್ಲಿ ಚಿಕ್ಕವಳು ತನ್ನದೇ ವಯಸ್ಸಿನವಳು. ಇವರನ್ನೂ ಅಮ್ಮನನ್ನೂ ಚಳಿಗಾಲದ ಆರಂಭದಲ್ಲಿ ಘೆಟ್ಟೊಗೆ ತಳ್ಳಿದರು: ಕೆಲವು ಬೀದಿಗಳು, ಸುತ್ತ ಹಲಗೆಯ ಗೋಡೆ, ಒಂದು ಕೋಣೆಯಲ್ಲಿ ಹದಿನಾಲ್ಕು ಜನ. ನೀರಿನಂಥ ಸೂಪು, ಒಂದು ತುಂಡು ಬ್ರೆಡ್ಡು. ಅಂಗಳದಲ್ಲಿ ಸತ್ತವರನ್ನು ಸಾಲಾಗಿ ಮಲಗಿಸಿರುತ್ತಿದ್ದರು. ಅಮ್ಮ ಮಗಳ ತಲೆಯನ್ನು ಇನ್ನೊಂದು ಕಡೆ ತಿರುಗಿಸಿ ಹಿಡಿದು ನಡೆಸುತ್ತಿದ್ದರು.

"ಅಮ್ಮ ಬ್ರೆಡ್ಡನ್ನು ನಾಲ್ಕು ಪಾಲು ಮಾಡ್ತಿದ್ದಳು. ಮೂರು ತಿನ್ನಬೇಕು. ನಾಲ್ಕನೆಯದು ತಿನ್ನುವುದಕ್ಕಲ್ಲ, ಇರುವುದಕ್ಕೆ. ಜೇಬಿನಲ್ಲಿ ಒಂದು ತುಂಡು ಇದ್ದರೆ ನಾವು ಇನ್ನೂ ಬ್ರೆಡ್ಡು ಇರುವ ಮನುಷ್ಯರು ಅಂತ ಹೇಳ್ತಿದ್ದಳು. ತನ್ನ ಪಾಲನ್ನು ಒಂದು ಚೂರು ಕಚ್ಚಿ, ಇದು ಕಹಿ, ನನಗೆ ಬೇಡ ಅಂತ ನನಗೇ ಕೊಡ್ತಿದ್ದಳು. ಕಹಿ ಇರಲಿಲ್ಲ. ಅಮ್ಮನ ನಾಲಿಗೆ ಕೆಟ್ಟಿದೆ ಅಂತ ನಾನು ಬಹಳ ವರ್ಷ ನಂಬಿದ್ದೆ."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ತಾಯಿ ಕಚ್ಚಿದ್ದು ನಮ್ಮಲ್ಲಿ ಎಂಜಲಿನ ಲೆಕ್ಕಕ್ಕಿಲ್ಲ ಅಂತ ಹೇಳಿ ಅವರಿಗೆ."

ಹೇಳಿದೆ. ಅವರು ಅದಕ್ಕೆ ತಲೆಯಾಡಿಸಿದರು, ಅವರಲ್ಲೂ ಹಾಗೆ ಒಂದು ನಿಯಮವಿದ್ದಂತೆ. ರಷ್ಯದ ಸೈನ್ಯ ಬಂದು ಹಲಗೆಯ ಗೋಡೆ ಒಡೆದ ದಿನ ಅಮ್ಮನ ಜೇಬಿನಲ್ಲಿ ಒಂದು ತುಂಡು ಇತ್ತಂತೆ. ಅಮ್ಮ ಆಮೇಲೆ ನಲವತ್ತು ವರ್ಷ ಬದುಕಿದರಂತೆ.

ಆಗ ಹೆಂಡತಿ ಒಂದು ಪ್ರಶ್ನೆ ಕೇಳಿದಳು. ಅವಳ ಪ್ರಶ್ನೆ ಯಾವಾಗಲೂ ಅಡುಗೆಮನೆಯ ಕಡೆಯಿಂದ ಬರುತ್ತದೆ. "ಆ ತುಂಡು ಹಳತಾದ್ರೆ ಎಂತ ಮಾಡ್ತಿದ್ರು?"

"ಹೊಸ ಬ್ರೆಡ್ಡು ಕೈಗೆ ಬಂದ ಮೇಲೆ ಮೊದಲು ಹಳೆಯದನ್ನು ತಿನ್ನಬೇಕು. ಬಿಸಾಡಬಾರದು. ಹೊಸದರಲ್ಲಿ ಒಂದು ತುಂಡು ಎತ್ತಿಡಬೇಕು."

"ಹಾಗೆ," ಎಂದಳು ಹೆಂಡತಿ, ಯಾವುದೋ ವ್ರತದ ವಿಧಾನ ಕೇಳಿ ತಿಳಿದುಕೊಂಡವಳಂತೆ. "ಹಾಗಾದ್ರೆ ನಮ್ಮಲ್ಲೂ ಇಂಥದೇ ಡಬ್ಬಿಯಲ್ಲಿ ಒಂದು ತುಂಡು ಇರ್ಲಿ. ಜೇಬು ಮರೆತ್ರೂ ಡಬ್ಬಿ ಇರ್ತದೆ. ಇವರ ಕೈಗೆ ಸಿಗದ ಹಾಗೆ ಇಡ್ತೇನೆ ಅಂತ ಹೇಳಿ." ಇವರು ಎಂದರೆ ನಾನು. ಅದನ್ನೂ ಅಕ್ಷರಶಃ ಅನುವಾದಿಸಿದೆ. ಎದುರುಮನೆಯಮ್ಮ ಮೂರು ದಿನಗಳಲ್ಲಿ ಮೊದಲ ಸಲ ನಕ್ಕರು.

ಮನೆಗೆ ಬಂದ ಮೇಲೆ ನಾನು ಮೆಲ್ಲಗೆ ಕಾನೂನಿನ ಪ್ರಶ್ನೆ ಎತ್ತಿದೆ. ತಂಗಳು ಮನೆಯಲ್ಲಿ ಉಳಿಯಕೂಡದಲ್ಲ?

"ಉಪ್ಪಿನಕಾಯಿ ವರ್ಷಗಟ್ಟಲೆ ಇಡುವುದಿಲ್ವಾ? ಅದಕ್ಕೆ ತಂಗಳು ಅಂತೀರಾ ನೀವು?"

"ಅದಕ್ಕೆ ಉಪ್ಪು ಹಾಕಿರ್ತದೆ."

"ಇದಕ್ಕೂ ಹಾಕಿರ್ತದೆ. ಬೇಕರಿಯವನು ಉಪ್ಪು ಹಾಕದೆ ಮಾಡ್ತಾನಾ?"

ಹೀಗೆ ಖುಬೂಸನ್ನು ಉಪ್ಪಿನಕಾಯಿಯ ವರ್ಗಕ್ಕೆ ಸೇರಿಸಲಾಯಿತು. ನಮ್ಮ ಡಬ್ಬಿಗೆ ಅಡುಗೆಮನೆಯ ಕಪಾಟಿನಲ್ಲಿ ದೇವರ ದೀಪದ ಎಣ್ಣೆಯ ಪಕ್ಕ ಜಾಗ ಸಿಕ್ಕಿತು. ಅದಕ್ಕೆ ನಂಬರು ಹಾಕೋಣವೇ ಎಂದು ಕೇಳಿ ಬೈಸಿಕೊಂಡೆ.

ಆ ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಬಡಿಯಿತು. ಅವರು ಉಂಡರು. ನಾಲ್ಕನೆಯ ಪಾಲನ್ನು ನ್ಯಾಪ್‌ಕಿನ್ನಿನಲ್ಲಿ ಸುತ್ತಿ, ನಮ್ಮಿಬ್ಬರ ಎದುರೇ, ಅವಸರವಿಲ್ಲದೆ ಜೇಬಿಗೆ ಹಾಕಿದರು. ಆಮೇಲೆ ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಕೈತೊಳೆಯಲು ಹೋದರು. ಅವರು ಬೇಸಿನ್ನಿನಿಂದ ತಿರುಗಿ ಬರುವ ತನಕ ನಾನು ಮೇಜು ಮುಟ್ಟುವಂತಿಲ್ಲವೆಂದು ಎರಡನೆಯ ಕಲಮಿಗೂ ತಿದ್ದುಪಡಿಯಾಗಿದೆ. ಮೂವತ್ತು ವರ್ಷದ ಅಭ್ಯಾಸ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತೇನೆ.

ಡಬ್ಬಿಯ ತುಂಡನ್ನು ದಿನಾ ಬದಲಿಸಬೇಕು, ಹಳೆಯದನ್ನು ಬಿಸಾಡಬಾರದು. ಕಿಟಕಿಯಲ್ಲಿ ಪಾರಿವಾಳಗಳಿಗೆ ಹಾಕಲು ಕಟ್ಟಡದವರು ಬಿಡುವುದಿಲ್ಲ. ಆದ್ದರಿಂದ ನಿನ್ನೆಯ ಕಾಲು ಖುಬೂಸನ್ನು ತಿನ್ನುವ ಕರ್ತವ್ಯ, ಹಿಂದಿನ ಎಲ್ಲ ಕೃತ್ಯಗಳನ್ನು ಗಮನದಲ್ಲಿಟ್ಟು, ನನಗೆ ಬಂದಿದೆ. ಹೆಂಡತಿ ಅದನ್ನು ಚೂರು ಮಾಡಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ನಾಲ್ಕು ಗಂಟೆಯ ಚಹಾದ ಜೊತೆ ಕೊಡುತ್ತಾಳೆ. ಕೆಟ್ಟದಾಗಿರುವುದಿಲ್ಲ. ಒಮ್ಮೊಮ್ಮೆ ಎದುರುಮನೆಯಮ್ಮನೂ ಬಂದು ಎರಡು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ವಾಚ್‌ಮನ್ ಮಾತ್ರ ಇಂದಿಗೂ ನನ್ನನ್ನು ಕಂಡರೆ, "ಊಟ ಆಯ್ತಾ ಸಾರ್?" ಎಂದು ಬೇರೆಯವರಿಗಿಂತ ಸ್ವಲ್ಪ ಮೆತ್ತಗೆ ಕೇಳುತ್ತಾರೆ.

ನಮ್ಮ ಮನೆಯಲ್ಲಿ ಎರಡನೆಯ ಮಹಾಯುದ್ಧದ ವಿಷಯವನ್ನು ಈಗ ಅವರೊಬ್ಬರೇ ಮಾತಾಡುತ್ತಾರೆ, ಅದೂ ಹುಳಿ ಮುಗಿದು ಮೊಸರು ಬರುವ ನಡುವೆ, ಎರಡು ಮೂರು ವಾಕ್ಯ. ಒಂದು ದಿನ ಕೋಣೆಯ ಹದಿನಾಲ್ಕು ಜನರಲ್ಲಿ ಒಬ್ಬ ಮುದುಕ ಮಕ್ಕಳಿಗೆ ಗುಣಾಕಾರ ಹೇಳಿಕೊಟ್ಟದ್ದು. ಒಂದು ದಿನ ದೊಡ್ಡಮ್ಮನ ಚಿಕ್ಕ ಮಗಳ ಕೆಂಪು ಟೋಪಿ. ನಾನು ಉಪ್ಪಿನಕಾಯಿ ಬಾಟಲಿಯನ್ನು ಇದ್ದಲ್ಲೇ ಬಿಟ್ಟು ಕೇಳುತ್ತೇನೆ.

ಏಪ್ರಿಲಿನಲ್ಲಿ ಸೆಖೆ ಶುರುವಾದಾಗ ಅವರು ಬುಡಾಪೆಸ್ಟಿಗೆ ಹೋದರು. ನವೆಂಬರಿನಲ್ಲಿ ತಿರುಗಿ ಬಂದಿದ್ದಾರೆ. ಊಟಕ್ಕೆ ಹನ್ನೆರಡೂವರೆಗೆ ಬರುತ್ತಾರೆ.